ಅರಗದ ಪಾಲು

(ದೇವರ ಹಿಪ್ಪರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ಉಪನ್ಯಾಸಕ್ಕೆ ಕರೆದವರು ಫೋನಿನಲ್ಲಿ ವಿಷಯ ಏನೆಂದು ಕೇಳಿದರು. ಕರುಳಿನೊಳಗಿನ ಸೂಕ್ಷ್ಮಜೀವಿಗಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ಬಂತು: “ಸರ, ಇದನ್ನ ಊಟಕ್ಕಿಂತ ಮೊದಲ ಹೇಳತೀರೋ, ಊಟ ಆದ ಮ್ಯಾಲ ಹೇಳತೀರೋ?” ಮೊದಲೇ ಹೇಳುತ್ತೇನೆ ಅಂದೆ. ಈಗ ಹಿಂದಿನ ಕೋಣೆಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರುತ್ತಿದೆ. ನಿಮ್ಮ ಗಮನ ಎಷ್ಟು ಹೊತ್ತು ನನ್ನ ಮೇಲಿರುತ್ತದೆ ಎಂಬ ಅಂದಾಜು ನನಗಿದೆ.

ಮಡಿವಾಳ ಮಾಚಿದೇವರು ಹುಟ್ಟಿದ ಊರು ಇದು. ಕೊಳೆ ತೆಗೆಯುವುದನ್ನೇ ಕಾಯಕ ಮಾಡಿಕೊಂಡ ಶರಣರ ಊರಿನಲ್ಲಿ ನಿಂತು, ನಿಮ್ಮೊಳಗೆ ಎಂದೂ ಒಗೆದು ತೆಗೆಯಬಾರದ ಒಂದು ಕೊಳೆ ಇದೆ ಎಂದು ಹೇಳಲು ಅಳುಕಾಗುತ್ತದೆ. ಆದರೆ ಹೇಳಲೇಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ವೈದ್ಯಕಿ ಮಾಡಿದವನು ನಾನು. ಹೆಚ್ಚು ಸಲ ಕೇಳಿದ ಮಾತು ಯಾವುದು ಅಂದರೆ, “ಸಾಹೇಬ್ರ, ಹೊಟ್ಟಿ ಸ್ವಚ್ಛ ಆಗೂ ಹಂಗ ಒಂದ ಔಷಧ ಬರೀರಿ.” ಹೊಟ್ಟೆ ಸ್ವಚ್ಛವಾಗುವುದು ಅಂದರೇನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಔಷಧ ಮಾತ್ರ ಬರೆದುಕೊಟ್ಟೆ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ನಮ್ಮ ದೇಹದಲ್ಲಿ ನಮ್ಮ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚು, ಅವುಗಳ ತೂಕ ಎರಡು ಕಿಲೋ ಎಂಬ ಮಾತನ್ನು ನೀವು ಕೇಳಿರಬಹುದು. ನಾನೂ ಹಲವು ವರ್ಷ ಇದನ್ನೇ ಹೇಳುತ್ತ ಬಂದೆ. 2016ರಲ್ಲಿ ಇಸ್ರೇಲಿನ ರಾನ್ ಮಿಲೋ ಮತ್ತು ಸಂಗಡಿಗರು ಕೂತು ಎಣಿಸಿ ನೋಡಿದರು. 70 ಕಿಲೋ ತೂಗುವ ಒಬ್ಬ ಗಂಡಸಿನ ಮೈಯಲ್ಲಿ ಅವನವೇ ಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಹತ್ತು ಪಟ್ಟಲ್ಲ, ಹೆಚ್ಚೂಕಡಿಮೆ ಸರಿಸಮ. ಎಲ್ಲ ಸೇರಿ ತೂಗಿದರೂ ಪಾವು ಕಿಲೋ ಆಗುವುದಿಲ್ಲ. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಈ ಒಟ್ಟು ಸಂಸಾರಕ್ಕೆ ಮೈಕ್ರೋಬಯೋಮ್ ಎಂದು ಹೆಸರು. ಹೆಸರು ದೊಡ್ಡದಾದಷ್ಟೂ ಮಾತ್ರೆಯ ಬೆಲೆ ಏರುತ್ತದೆ, ಹಾಗಾಗಿ ನಾನು ಇವತ್ತು ಅದನ್ನು ಕಡಿಮೆ ಬಳಸುತ್ತೇನೆ.

ಅವು ಅಲ್ಲಿ ಏನು ಮಾಡುತ್ತವೆ? ಇದನ್ನು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ದನದ ಕೊಟ್ಟಿಗೆಗೆ ಹೋದರೆ ಸಾಕು. ನಾವು ಜೋಳದ ತೆನೆ ಮನೆಗೆ ತಂದು ಕಣಿಕೆಯನ್ನು ಎತ್ತಿಗೆ ಹಾಕುತ್ತೇವೆ. ಕಣಿಕೆಯನ್ನು ಅರಗಿಸುವ ಶಕ್ತಿ ಎತ್ತಿಗೆ ಇಲ್ಲ. ಕೊಡಗಟ್ಟಲೆ ಹಿಡಿಯುವ ಅದರ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ತುಂಬಿಕೊಂಡಿವೆ. ಅವು ಕಣಿಕೆಯನ್ನು ಹುಳಿಸಿ ತಿಂದು, ಹೊರಗೆ ಬಿಡುವ ಆಮ್ಲಗಳ ಮೇಲೆ ಎತ್ತು ಬದುಕುತ್ತದೆ. ಎರಿ ಹೊಲದಲ್ಲಿ ಕುಂಟೆ ಎಳೆಯುವ ಶಕ್ತಿ ಅಲ್ಲಿಂದ ಬಂದದ್ದು. ನಮಗೂ ಇಂಥದೊಂದು ಗುಡಾಣ ಇದೆ. ಎತ್ತಿಗೆ ಮುಂದೆ, ನಮಗೆ ಹಿಂದೆ, ಅಷ್ಟೇ ವ್ಯತ್ಯಾಸ.

ಒಂದು ರೊಟ್ಟಿಯ ಹಿಂದೆ ಹೋಗೋಣ. ಬಾಯಿಯಲ್ಲಿ ನುರಿಯಿತು, ಜಠರದಲ್ಲಿ ಆಮ್ಲಕ್ಕೆ ಸಿಕ್ಕಿತು, ಸುಮಾರು ಆರು ಮೀಟರಿನ ಸಣ್ಣ ಕರುಳಿನಲ್ಲಿ ಇಳಿಯಿತು. ಪಿಷ್ಟದ ಬಹುಪಾಲು ಅಲ್ಲೇ ಸಕ್ಕರೆಯಾಗಿ ರಕ್ತ ಸೇರಿತು. ಸಸ್ಯಾಹಾರದ ಪಿಷ್ಟ, ನಾರುಗಳನ್ನು ಕತ್ತರಿಸಲು ನಮ್ಮ ಸ್ವಂತ ಕಿಣ್ವಗಳು ಹದಿನೇಳೋ ಹದಿನೆಂಟೋ. ದೊಡ್ಡ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಾಯ್ಡಿಸ್ ಜಾತಿಯ ಒಂದೇ ಒಂದು ಬ್ಯಾಕ್ಟೀರಿಯಾದ ಬಳಿ ಇಂಥ ಕತ್ತರಿಗಳು 250ಕ್ಕೂ ಹೆಚ್ಚು. ಆದ್ದರಿಂದ ನಮ್ಮಿಂದ ಅರಗದೆ ಉಳಿದ ಪಾಲು, ಜೋಳದ ಸಿಪ್ಪೆಯ ನಾರು, ತಂಗಳ ರೊಟ್ಟಿಯಲ್ಲಿ ತಣಿದು ಗಟ್ಟಿಯಾದ ಪಿಷ್ಟ, ಗುದ್ದಿದ ಉಳ್ಳಾಗಡ್ಡಿಯ ಇನುಲಿನ್, ಮಡಕಿಕಾಳಿನ ಸಿಪ್ಪೆ, ಇವೆಲ್ಲ ಒಂದೂವರೆ ಮೀಟರಿನ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿ ಎರಡನೆಯ ಪಂಕ್ತಿಯ ಊಟ ಶುರುವಾಗುತ್ತದೆ.

ಉಂಡವರು ಸುಮ್ಮನೆ ಎದ್ದು ಹೋಗುವುದಿಲ್ಲ. ಮೂರು ಬಗೆಯ ಸಣ್ಣ ಕೊಬ್ಬಿನಾಮ್ಲಗಳನ್ನು ಬಿಟ್ಟು ಹೋಗುತ್ತಾರೆ: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಮೂರನೆಯದರ ನಾತ ನಿಮಗೆ ಗೊತ್ತಿದೆ, ಕೆಟ್ಟ ಬೆಣ್ಣೆಯ ನಾತ ಅದೇ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳು ತಮ್ಮ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲನ್ನು ಈ ಬ್ಯುಟಿರೇಟಿನಿಂದಲೇ ಪಡೆಯುತ್ತವೆ. ದೇಹದ ಉಳಿದ ಬಹುಪಾಲು ಕೋಶಗಳಿಗೆ ರಕ್ತ ಊಟ ತಂದು ಬಡಿಸುತ್ತದೆ. ಈ ಕೋಶಗಳು ಮಾತ್ರ ಆಚೆ ಮಗ್ಗುಲಿನಿಂದ, ಬ್ಯಾಕ್ಟೀರಿಯಾಗಳ ಕೈಯಿಂದ ಉಣ್ಣುತ್ತವೆ. ಹಾಗೆ ಉಣ್ಣುವಾಗ ಅಲ್ಲಿನ ಆಮ್ಲಜನಕವನ್ನು ಉರಿಸಿ ಮುಗಿಸುತ್ತವೆ. ಗಾಳಿಯಿಲ್ಲದ ಜಾಗ ಈ ಬ್ಯಾಕ್ಟೀರಿಯಾಗಳಿಗೆ ಬೇಕು, ಗಾಳಿ ಬೇಡುವ ಉಪದ್ರವಿಗಳಿಗೆ ಬೇಡ. ಹೀಗೆ ಒಂದು ಇನ್ನೊಂದನ್ನು ಕಾಯುತ್ತದೆ.

ಎರಡನೆಯ ಪಂಕ್ತಿಗೆ ಬಡಿಸದಿದ್ದರೆ? ಹಸಿದವರು ಮನೆಯ ಗೋಡೆ ಕೆರೆಯುತ್ತಾರೆ. ಕರುಳಿನ ಗೋಡೆಯ ಮೇಲೆ ಲೋಳೆಯ ಲೇಪ ಇದೆ, ಅದೂ ಒಂದು ಬಗೆಯ ಸಕ್ಕರೆಯ ಸರಪಳಿಯೇ. ಇಲಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾರು ನಿಲ್ಲಿಸಿದಾಗ ಬ್ಯಾಕ್ಟೀರಿಯಾಗಳು ಆ ಲೇಪವನ್ನೇ ತಿಂದು ತೆಳುವಾಗಿಸಿದವು. ಆಮೇಲೆ ಬಂದ ರೋಗಾಣು ಸಲೀಸಾಗಿ ಒಳಹೊಕ್ಕಿತು. ಮನುಷ್ಯರಲ್ಲಿ ಎಲ್ಲವೂ ಇಲಿಯಂತೆಯೇ ಎಂದು ನಾನು ಹೇಳುವುದಿಲ್ಲ. ಆದರೆ ಅಮೆರಿಕದ ಪಿಟ್ಸ್‌ಬರ್ಗಿನ 20 ಆಫ್ರಿಕನ್ ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕದ ಹಳ್ಳಿಯ 20 ಜನ ಎರಡು ವಾರ ಊಟ ಅದಲುಬದಲು ಮಾಡಿಕೊಂಡ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಹಳ್ಳಿಯ ನಾರಿನೂಟ ಉಂಡ ಅಮೆರಿಕನ್ನರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತದ ಗುರುತುಗಳು ಇಳಿದವು. ಬರ್ಗರ್ ಮಾಂಸ ಉಂಡ ಹಳ್ಳಿಗರಲ್ಲಿ ಉಲ್ಟಾ. ಎರಡೇ ವಾರ ನೋಡ್ರಿ. ನಮ್ಮಲ್ಲಿ ಮದುವೆ ಮನೆಯ ಊಟ ಅದಕ್ಕಿಂತ ಹೆಚ್ಚು ದಿನ ನಡೆಯುತ್ತದೆ.

ಈ ಅರಗದ ಪಾಲಿನ ಮಾತನ್ನು ನಂಬದವರು ಒಬ್ಬ ಬಾಣಂತಿಯನ್ನು ನೋಡಬೇಕು. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಮೂರನೆಯ ದೊಡ್ಡ ಪಾಲು ಒಂದು ಬಗೆಯ ಸಕ್ಕರೆಯ ಸರಪಳಿಗಳದು, ನೂರೈವತ್ತಕ್ಕೂ ಹೆಚ್ಚು ಬಗೆ. ವಿಚಿತ್ರ ಅಂದರೆ, ಕೂಸಿಗೆ ಅವು ಅರಗುವುದಿಲ್ಲ. ಹೆತ್ತು ಬಸವಳಿದ ತಾಯಿಯ ಮೈ ತನ್ನ ಶಕ್ತಿ ಖರ್ಚು ಮಾಡಿ, ತನ್ನ ಕೂಸಿಗೇ ಅರಗದ ಪದಾರ್ಥವನ್ನು ಯಾಕೆ ಮಾಡುತ್ತದೆ? ಕೂಸಿನ ಕರುಳಿನಲ್ಲಿ ನೆಲೆಸಬೇಕಾದ ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಕ್ಕಾಗಿ. ಅವ್ವನ ಹಾಲಿನಲ್ಲೇ ಇಬ್ಬರಿಗೆ ಬಡಿಸಿಟ್ಟಿದೆ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ನಿಂತಿದ್ದೆ. ನಮ್ಮ ಕಡೆ ಹೆರಿಗೆಯಾದ ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆ ನೀರು ನೆಕ್ಕಿಸುವುದನ್ನು ನಾನು ಕಣ್ಣಾರೆ ಕಂಡವನು. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇಲ್ಲಿ ಕುಳಿತ ಆಯಿಗಳಿಗೆ ಒಂದು ವಿನಂತಿ: ಆ ಹಳದಿ ಹಾಲು ಚೆಲ್ಲಬೇಡ್ರಿ.

ಒಡಿಶಾದ ಹಳ್ಳಿಗಳಲ್ಲಿ ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳ ಮೇಲೆ ಒಂದು ಅಧ್ಯಯನ ಮಾಡಿದರು, 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾ ಮತ್ತು ಅದರ ಬುತ್ತಿಯಾಗಿ ಒಂದಿಷ್ಟು ಅರಗದ ಸಕ್ಕರೆ ಕೊಟ್ಟರು. ಕೊಡದ ಗುಂಪಿನಲ್ಲಿ ರಕ್ತದ ನಂಜು ಅಥವಾ ಸಾವು 100ಕ್ಕೆ 9 ಇದ್ದದ್ದು ಕೊಟ್ಟ ಗುಂಪಿನಲ್ಲಿ 5.4ಕ್ಕೆ ಇಳಿಯಿತು. ಬ್ಯಾಕ್ಟೀರಿಯಾವನ್ನು ಬರಿಗೈಯಲ್ಲಿ ಕಳಿಸಲಿಲ್ಲ, ಬುತ್ತಿ ಕಟ್ಟಿ ಕಳಿಸಿದರು ಎಂಬುದು ನನಗೆ ಇದರಲ್ಲಿ ಮುಖ್ಯ. ಅಂಗಡಿಯಲ್ಲಿ ಸಿಗುವ ಪ್ರೋಬಯಾಟಿಕ್ ಪುಡಿಗಳೆಲ್ಲ ಇದೇ ಕೆಲಸ ಮಾಡುತ್ತವೆ ಎಂದು ಇದರಿಂದ ಅರ್ಥವಲ್ಲ. ಒಂದು ತಳಿಯ ಗುಣ ಇನ್ನೊಂದಕ್ಕಿಲ್ಲ, ಕಿಲಾರಿ ಎತ್ತಿನ ಕೆಲಸವನ್ನು ಜರ್ಸಿ ಹೋರಿ ಮಾಡದು.

ಇನ್ನೊಂದು ಅಧ್ಯಯನ ನಮಗೆ ಹತ್ತಿರದ್ದು. ಅಮೆರಿಕದ ಜೆಫ್ರಿ ಗಾರ್ಡನ್ ಮತ್ತು ಬಾಂಗ್ಲಾದೇಶದ ತಹಮೀದ್ ಅಹ್ಮದ್ ಅವರ ತಂಡ ಢಾಕಾದ ಮೀರ್‌ಪುರದ ಕೊಳೆಗೇರಿಯ ಸೊರಗಿದ ಮಕ್ಕಳಿಗೆ, ಅವರ ಕರುಳಿನ ಸೂಕ್ಷ್ಮಜೀವಿಗಳನ್ನು ನೋಡಿಕೊಂಡೇ ಒಂದು ಆಹಾರ ರೂಪಿಸಿತು. ಅದರಲ್ಲಿ ಏನಿತ್ತು ಗೊತ್ತೇ? ಕಡಲೆ ಹಿಟ್ಟು, ಶೇಂಗಾ, ಸೋಯಾ, ಬಾಳೆಕಾಯಿ. 2021ರಲ್ಲಿ ಬಂದ ಫಲಿತಾಂಶದಲ್ಲಿ, ಕ್ಯಾಲರಿ ಕಡಿಮೆ ಇದ್ದರೂ ಈ ಆಹಾರ ತಿಂದ ಮಕ್ಕಳು, ರೂಢಿಯ ಪೊಟ್ಟಣದ ಆಹಾರ ತಿಂದವರಿಗಿಂತ ಚೆನ್ನಾಗಿ ತೂಕ ಹಾಕಿದರು. ಇದನ್ನು ಓದಿ ಶೇಂಗಾ ಹಿಂಡಿಯ ಡಬ್ಬಿಗೆ ಪೂಜೆ ಮಾಡಬೇಕಿಲ್ಲ. ಮೂರು ತಿಂಗಳ, ನೂರಿಪ್ಪತ್ತು ಚಿಲ್ಲರೆ ಮಕ್ಕಳ ಅಧ್ಯಯನ ಅದು. ಆದರೆ ಜಗತ್ತಿನ ದೊಡ್ಡ ಪ್ರಯೋಗಾಲಯವೊಂದು ವರ್ಷಗಟ್ಟಲೆ ಹುಡುಕಿ ಬಂದು ನಿಂತದ್ದು ಸಿಂದಗಿ ಸಂತೆಯಲ್ಲಿ ಚೀಲದ ಬಾಯಿ ತೆರೆದಿಟ್ಟ ಕಾಳುಗಳ ಮುಂದೆ, ಇದನ್ನು ಹೇಳದೆ ಹೇಗಿರಲಿ?

ಈಗ ಜೋಳದ ಮಾತು. ಡೋಣಿ ಹೊಳೆ ಸಾಲಿನವರ ಮುಂದೆ ಜೋಳ ಹೊಗಳುವುದು ಸುಲಭ, ಚಪ್ಪಾಳೆ ಬೀಳುತ್ತದೆ. ಅಂಕಿ ನೋಡಿ ಹೊಗಳೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ನಾರು 10.2 ಗ್ರಾಂ. ಸಜ್ಜೆಯಲ್ಲಿ 11.5. ಗೋಧಿ ಹಿಟ್ಟಿನಲ್ಲಿ 11.4, ಅಂದರೆ ತೌಡು ತೆಗೆಯದ ಗೋಧಿ ಜೋಳಕ್ಕಿಂತ ಒಂದು ಕೈ ಮೇಲೆ. ಪಾಲಿಶ್ ಅಕ್ಕಿಯಲ್ಲಿ 2.8. ಮೂರು ರೊಟ್ಟಿಗೆ 180 ಗ್ರಾಂ ಹಿಟ್ಟು ಹಿಡಿದರೆ 18 ಗ್ರಾಂ ನಾರು ಬಂತು, ಅಷ್ಟೇ ತೂಕದ ಅಕ್ಕಿಯಿಂದ 5. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರೊಟ್ಟಿ ಉಣ್ಣುವವನು ಒಂದು ಹಿಡಿ ಕಾಳುಪಲ್ಯ, ಹಸಿ ಮೆಂತೆ ತಪ್ಪಲು, ಒಂದು ಉಳ್ಳಾಗಡ್ಡಿ ಸೇರಿಸಿದರೆ ಎಣಿಸದೆಯೇ ಅಲ್ಲಿ ಮುಟ್ಟುತ್ತಾನೆ. ಹಾಗಾಗಿ ಜಗಳ ಜೋಳಕ್ಕೂ ಗೋಧಿಗೂ ಅಲ್ಲ. ತೌಡು ಇರುವ ಕಾಳಿಗೂ ತೌಡು ಕಳೆದುಕೊಂಡ ಕಾಳಿಗೂ.

2013ರ ಜುಲೈಯಲ್ಲಿ ಸರಕಾರದ ಅನ್ನಭಾಗ್ಯ ಯೋಜನೆ ಬಂತು, ಆಗ ಕಿಲೋ ಅಕ್ಕಿಗೆ ಒಂದು ರೂಪಾಯಿ. ಜೋಳದ ನಾಡಿನ ತಾಟಿನಲ್ಲಿ ಅನ್ನ ಮೊದಲೇ ಒಳಬಂದಿತ್ತು, ಆಗ ನಡುಮನೆಯಲ್ಲಿ ಕೂತಿತು. ಇದಕ್ಕೆ ಯೋಜನೆಯನ್ನು ಬೈಯುವ ಸಭೆಗಳನ್ನು ನಾನು ನೋಡಿದ್ದೇನೆ. ಆ ಬೈಗುಳಕ್ಕೆ ನನ್ನ ಸಹಿ ಇಲ್ಲ. ಹಸಿವೆ ಕಂಡ ಮನೆಗೆ ಬಂದ ಅಕ್ಕಿಯನ್ನು ಹೊಟ್ಟೆ ತುಂಬಿದವನು ಹೀಗಳೆಯಬಾರದು. ಇನ್ನೊಂದು, ರೊಟ್ಟಿ ಕಡಿಮೆಯಾದದ್ದಕ್ಕೆ ಅಕ್ಕಿಯಷ್ಟೇ ಕಾರಣವೂ ಅಲ್ಲ. ನಮ್ಮ ಅವ್ವ ಬೆಳಗಿನ ಜಾವ ಎದ್ದು, ಹೊಗೆಯ ಒಲೆಯ ಮುಂದೆ ಮೂವತ್ತು ನಲವತ್ತು ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತದ ಸದ್ದಿನ ಬಗ್ಗೆ ನಾನು ಓದಿದ ಕವಿತೆಗಳನ್ನು ಬರೆದವರೆಲ್ಲ ಗಂಡಸರು. ಅವಳ ಮಣಿಕಟ್ಟು ನೋಡಿದವನು ನಾನು. ಸೊಸೆ ಕುಕ್ಕರ್ ಇಟ್ಟರೆ ಅದರಲ್ಲಿ ಅವಳ ತಪ್ಪೇನೂ ನನಗೆ ಕಾಣುವುದಿಲ್ಲ. ಈಗ ಕಟಕ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಗುಂಪುಗಳಿವೆ. ರೊಟ್ಟಿಯ ಹಣ ಅವರ ಕೈಗೆ ಬರುತ್ತದೆ ಅಂದರೆ ಆ ಬಡಿತದ ಸದ್ದನ್ನು ನಾನೂ ಸಂತೋಷದಿಂದ ಕೇಳುತ್ತೇನೆ.

ಇನ್ನು ಮಸರು. ರಷ್ಯದ ಮೆಚ್ನಿಕಾಫ್, 1908ರಲ್ಲಿ ನೊಬೆಲ್ ಪಡೆದವರು, ಬಲ್ಗೇರಿಯದ ರೈತರು ಹುಳಿಹಾಲು ಕುಡಿದು ಬಹಳ ಕಾಲ ಬಾಳುತ್ತಾರೆಂದು ನಂಬಿ ತಾವೂ ಅದನ್ನೇ ಕುಡಿದರು. ತೀರಿಕೊಂಡಾಗ ವಯಸ್ಸು 71. ನಮ್ಮ ಓಣಿಯಲ್ಲಿ ಮಜ್ಜಿಗೆ ಕುಡಿದು ಅದಕ್ಕಿಂತ ಹೆಚ್ಚು ಬಾಳಿದವರ ಹೆಸರು ಹತ್ತು ಹೇಳಬಲ್ಲೆ, ಅದು ಪುರಾವೆ ಅಲ್ಲ. ಮಸರಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ, ಜಾತ್ರೆಗೆ ಬಂದವರಂತೆ ಬಂದು ಹೋಗುತ್ತವೆ. ಆದರೆ ಜಾತ್ರೆಗೆ ಬಂದವರಿಂದಲೂ ಊರಿಗೆ ಉಪಯೋಗ ಇಲ್ಲವೇ? 2021ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 36 ಜನರನ್ನು ಎರಡು ಗುಂಪು ಮಾಡಿ ಹತ್ತು ವಾರ, ಒಂದು ಗುಂಪಿಗೆ ನಾರಿನ ಊಟ, ಇನ್ನೊಂದಕ್ಕೆ ಮಸರಿನಂಥ ಹುದುಗಿದ ಊಟ ಉಣ್ಣಲು ಹೇಳಿದರು. ಹುದುಗಿದ್ದು ಉಂಡವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಉರಿಯೂತದ 19 ಪ್ರೋಟೀನುಗಳು ಇಳಿದವು. ನಾರು ಉಂಡವರಲ್ಲಿ ವೈವಿಧ್ಯ ಹೆಚ್ಚಲಿಲ್ಲ. ಇಷ್ಟು ಹೊತ್ತು ನಾರಿನ ಗುಣಗಾನ ಮಾಡಿದ ನನಗೆ ಇದು ಸ್ವಲ್ಪ ಮುಜುಗರದ ಸಂಗತಿ.

ಯಾಕೆ ಹೆಚ್ಚಲಿಲ್ಲ ಎಂಬುದಕ್ಕೆ ಒಂದು ಊಹೆ ಅದೇ ಪ್ರಯೋಗಾಲಯದ 2016ರ ಕೆಲಸದಲ್ಲಿದೆ. ಎರಿಕಾ ಸಾನೆನ್‌ಬರ್ಗ್ ಇಲಿಗಳಿಗೆ ನಾಲ್ಕು ತಲೆಮಾರು ನಾರು ಕಡಿಮೆ ಮಾಡಿದರು. ಮೊದಲ ತಲೆಮಾರಿಗೆ ನಾರು ಮತ್ತೆ ಕೊಟ್ಟಾಗ ಕಳೆದುಹೋದ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಮರಳಿದವು. ತಲೆಮಾರು ಕಳೆದಂತೆ ಮರಳುವುದು ಕಡಿಮೆಯಾಯಿತು. ನಾಲ್ಕನೆಯದಕ್ಕೆ ಎಷ್ಟು ನಾರು ಬಡಿಸಿದರೂ ಉಣ್ಣುವವರಲ್ಲಿ ಹೆಚ್ಚಿನವರು ಮರಳಲೇ ಇಲ್ಲ. ದತ್ತಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಬಡ್ಡಿ ಒಂದು ವರ್ಷ ಬಾರದಿದ್ದರೆ ಮುಂದಿನ ವರ್ಷ ಬಂದೀತು, ಅಸಲೇ ಕರಗಿದರೆ ಉಪನ್ಯಾಸ ನಿಂತಿತು. ಅವ್ವನಿಂದ ಮಗುವಿಗೆ ದಾಟುವ ಈ ಸಂಸಾರ ಅಂಥ ಅಸಲು.

ನಮ್ಮ ಆಯಿ ಹೆಪ್ಪು ಕೆಟ್ಟ ದಿನ ನನ್ನ ಕೈಯಲ್ಲಿ ಸಣ್ಣ ಬಟ್ಟಲು ಕೊಟ್ಟು ಎದುರು ಮನೆಗೆ ಕಳಿಸುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡುವುದಿಲ್ಲ ಎಂಬ ಕಟ್ಟಳೆ ಇದ್ದುದರಿಂದ ಓಡಬೇಕಾಗುತ್ತಿತ್ತು. ಇಡೀ ಓಣಿಯಲ್ಲಿ ತಿರುಗುತ್ತಿದ್ದುದು ಒಂದೇ ಹೆಪ್ಪಿನ ಸಂತಾನ. ಒಬ್ಬರ ಮನೆಯಲ್ಲಿ ಕೆಟ್ಟರೆ ಇನ್ನೊಬ್ಬರ ಮನೆಯಲ್ಲಿ ಉಳಿದಿರುತ್ತಿತ್ತು. ಕರುಳಿನ ಬ್ಯಾಕ್ಟೀರಿಯಾ ಸತ್ತರೆ ಯಾರ ಮನೆಗೆ ಬಟ್ಟಲು ಹಿಡಿದು ಹೋಗಬೇಕು? ನಗಬೇಡ್ರಿ, ಅದಕ್ಕೂ ದಾರಿ ಇದೆ. ಆ್ಯಂಟಿಬಯಾಟಿಕ್ ಹೆಚ್ಚಾಗಿ ಕರುಳು ಬರಿದಾದಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ದುಷ್ಟ ಬ್ಯಾಕ್ಟೀರಿಯಾ ಎದ್ದು ಜೀವ ತೆಗೆಯುವಂಥ ಭೇದಿ ತರುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೆದರ್ಲೆಂಡ್ಸಿನ ವೈದ್ಯರು ಆರೋಗ್ಯವಂತರ ಮಲವನ್ನು ಶೋಧಿಸಿ, ನಳಿಕೆಯ ಮೂಲಕ ಇಂಥ 16 ರೋಗಿಗಳ ಕರುಳಿಗೆ ಹಾಯಿಸಿದರು. 15 ಜನ ಗುಣವಾದರು. ಔಷಧ ಮಾತ್ರ ಪಡೆದ 13ರಲ್ಲಿ ಗುಣವಾದವರು 4. ಫಲ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಡುಗೆಯವರು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಾರೆ, ಈ ವಿಷಯ ಇಲ್ಲಿಗೇ ಬಿಡುತ್ತೇನೆ.

ಆ್ಯಂಟಿಬಯಾಟಿಕ್ ಜೀವ ಉಳಿಸುತ್ತದೆ, ನನ್ನ ಕೈಯಲ್ಲೇ ಎಷ್ಟೋ ಜೀವ ಉಳಿಸಿದೆ. ಆದರೆ ನೆಗಡಿಗೆ, ನೀರು ಭೇದಿಗೆ, ರೋಗಿ ಸುಮ್ಮನಾಗಲಿ ಎಂದು ನಾನೂ ಬರೆದುಕೊಟ್ಟಿದ್ದೇನೆ. ಮೂರು ದಿನದ ಮಾತ್ರೆ ಕರುಳಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಏರುಪೇರು ಉಳಿಸುತ್ತದೆ ಎಂದು ಆಗ ಅಷ್ಟು ತಿಳಿದಿರಲಿಲ್ಲ ಎನ್ನುವುದು ಅರ್ಧ ಸತ್ಯ. ಇನ್ನರ್ಧ, ಹೊರಗೆ ಸಾಲು ಉದ್ದ ಇತ್ತು.

“ಕರುಳೇ ಎರಡನೆಯ ಮಿದುಳು, ಇದು ಸರಿಯಾದರೆ ಚಿಂತೆ, ಸಕ್ಕರೆ ಕಾಯಿಲೆ ಎಲ್ಲ ಹೋಗುತ್ತದೆ” ಎನ್ನುವ ಮೊಬೈಲ್ ವಿಡಿಯೋಗಳ ಬಗ್ಗೆ ಒಂದೇ ಮಾತು. ಮನಸ್ಸಿಗೂ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ನೂರಕ್ಕೆ ಸುಮಾರು 90 ಪಾಲು ಕರುಳಿನಲ್ಲೇ ತಯಾರಾಗುವುದು ನಿಜ, ಆದರೆ ಅದು ಮಿದುಳಿನ ಬೇಲಿ ದಾಟುವುದಿಲ್ಲ. ಸಂಬಂಧ ಇದೆ, ಹುಡುಕಾಟ ನಡೆದಿದೆ, ಮಾರಾಟ ಮಾತ್ರ ಹುಡುಕಾಟಕ್ಕಿಂತ ಮುಂದೆ ಓಡಿದೆ.

ಹಿಂದಿನ ಸಾಲಿನ ಹಿರಿಯರೊಬ್ಬರು ತಲೆ ಅಲ್ಲಾಡಿಸುತ್ತಿರುವುದು ಕಾಣುತ್ತಿದೆ. ಹಂಗಾದ್ರ ಇದನ್ನೆಲ್ಲ ಉಂಡ ನಮ್ಮ ಹಿಂದಿನವರು ಯಾಕ ಅಷ್ಟ ಲಗೂನ ಸತ್ತರು ಎಂದು ಕೇಳುವವರಿದ್ದೀರಿ. ಕೇಳಬೇಕಾದ ಪ್ರಶ್ನೆ. ಅವರಲ್ಲಿ ಎಷ್ಟೋ ಜನ ಸತ್ತದ್ದು ನೀರಿನಿಂದ. ಪಂಢರಪುರದ ಜಾತ್ರೆಗೆ ಹೋದವರ ಜೊತೆ ಕಾಲರಾ ಊರಿಗೆ ಬರುತ್ತಿದ್ದ ಕಾಲ ಅದು. ಮಲ ಬೆರೆತ ನೀರು ದಿನವೂ ಹೊಟ್ಟೆ ಸೇರಿದರೆ ಕೂಸಿನ ಕರುಳಿನ ಒಳಮೈ ಸವೆದು, ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿಯೂ ಇರುವುದಿಲ್ಲ, ಜ್ವರವೂ ಇರುವುದಿಲ್ಲ, ಮಗು ಎತ್ತರ ಬೆಳೆಯುವುದಿಲ್ಲ ಅಷ್ಟೇ. ಆದ್ದರಿಂದ ಮಡಿವಾಳ ಮಾಚಿದೇವರ ಊರಿನಲ್ಲಿ ಸಾಬೂನಿನ ವಿರುದ್ಧ ನಾನು ಮಾತಾಡಿದೆ ಎಂದು ನಾಳೆ ಯಾರೂ ಹೇಳಬಾರದು. ಕೈ ತೊಳೀರಿ, ನೀರು ಕಾಸಿ ಕುಡೀರಿ.

ಕೊನೆಗೊಂದು ಬೇಡಿಕೆ. 2019ರಲ್ಲಿ ಭೋಪಾಲದ ಐಸರ್ ಸಂಸ್ಥೆಯವರು ಭಾರತೀಯರ ಕರುಳಿನ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದರು. ಭೋಪಾಲ ಮತ್ತು ಕೇರಳದ 110 ಜನರ ಮಾದರಿ. ಸಸ್ಯಾಹಾರ ಹೆಚ್ಚಿದ್ದ ಭೋಪಾಲದವರಲ್ಲಿ ನಾರು ತಿನ್ನುವ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ದಂಡಿಯಾಗಿ ಕಂಡಿತು. ಅಲ್ಲಿ ಜೋಳ ಉಣ್ಣುವ ಡೋಣಿ ಸಾಲಿನ ಹೊಟ್ಟೆ ಒಂದೂ ಇರಲಿಲ್ಲ. ಮೆಡಿಕಲ್ ಕಾಲೇಜು ವಿಜಯಪುರದಲ್ಲೇ ಇದೆ, ಕೃಷಿ ಕಾಲೇಜೂ ಇದೆ. ಒಂದೇ ಮನೆಯ ಆಯಿ, ಸೊಸೆ, ಮೊಮ್ಮಗ, ಮೂವರ ಮಾದರಿ ತೆಗೆದು ನೋಡಬೇಕು. ಹಿಂಗಾರಿ ಜೋಳ ಮನೆಗೆ ಬಂದ ಮೇಲೊಮ್ಮೆ, ಮಳೆಗಾಲದಲ್ಲಿ ರೇಷನ್ ಅಕ್ಕಿಯ ಮೇಲೆ ದಿನ ನೂಕುವಾಗ ಇನ್ನೊಮ್ಮೆ. ಮೂರು ತಾಟಿನ ಊಟ ಬೇರೆಬೇರೆ ಇರುವ, ಆದರೆ ಇನ್ನೂ ಒಂದೇ ಸೂರಿನಡಿ ಇರುವ ಇಂಥ ಮನೆಗಳು ಈಗ ಸಿಗುತ್ತವೆ, ಇನ್ನು ಇಪ್ಪತ್ತು ವರ್ಷಕ್ಕೆ ಸಿಗುವುದು ಅನುಮಾನ. ಡಬ್ಬಿ ಹಿಡಿದು ವಿದ್ಯಾರ್ಥಿಗಳು ಮನೆಮನೆಗೆ ಬಂದಾಗ ಬೈದು ಕಳಿಸಬೇಡ್ರಿ. ನಾಚಿಕೆಯಾದರೆ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬರೆಸಿರಿ, ನಿಮ್ಮದನ್ನು ಅದರ ಕೆಳಗೆ ಬರೆಸಿರಿ.